ಬ್ಯಾಟರಿ ಹೋಯ್ತು ಅನ್ನುವ ಮುಂಚೆ

ಮೂರು ವರ್ಷದ ಹಿಂದಿನ ಜುಲೈ. ಕುಮಟಾದಲ್ಲಿ ಒಂದು ವಾರದಿಂದ ಬಿಡದ ಮಳೆ. ಕಾರು ಅಂಗಳದ ತಗಡಿನ ಮಾಡಿನಡಿ ನಿಂತಲ್ಲೇ ನಿಂತಿತ್ತು. ಶಿರಸಿಯ ಮಾವನ ಮನೆಯಲ್ಲಿ ಪೂಜೆ. ಬೆಳಿಗ್ಗೆ ಆರಕ್ಕೆ ಹೊರಟು ಕೀ ತಿರುಗಿಸಿದರೆ ಟಕ್ ಟಕ್ ಟಕ್ ಟಕ್. ಅಷ್ಟೇ. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಮಿಣುಕಿ ಮಂಕಾದವು. ಮಾವನಿಗೆ ಫೋನ್ ಮಾಡಿದೆ. "ಬ್ಯಾಟರಿ ಹೋತು ಕಾಣ್ತು" ಅಂದರು. ಪಕ್ಕದ ಮನೆಯವರೂ ಅದನ್ನೇ ಅಂದರು. ಅಂಗಡಿಯವರಂತೂ ಕಾರು ನೋಡದೆಯೇ ಫೋನಿನಲ್ಲೇ ಅಂದುಬಿಟ್ಟರು. ಹನ್ನೊಂದು ಗಂಟೆಗೆ ಹೊಸ ಬ್ಯಾಟರಿ ಬಂತು. ಹಳೆಯದು ಎಕ್ಸ್‌ಚೇಂಜಿಗೆ ಹೋಯ್ತು. ಕಾರು ಚಾಲೂ ಆಯ್ತು. ನಾಲ್ಕೂವರೆ ಸಾವಿರ ಖರ್ಚು.

ಹದಿನೈದು ದಿನ ಬಿಟ್ಟು ಮತ್ತೆ ಟಕ್ ಟಕ್ ಟಕ್.

ಈ ಸಲ ಅಂಗಡಿಗೆ ಹೋಗಲಿಲ್ಲ. ಹೆದ್ದಾರಿ ಬದಿಯಲ್ಲಿ ಲಾರಿಗಳ ವೈರಿಂಗ್ ಮಾಡುವ ಹುಡುಗನೊಬ್ಬನನ್ನು ಕರೆದೆ. ಅವನು ಬ್ಯಾಟರಿಯನ್ನು ಮುಟ್ಟಲೇ ಇಲ್ಲ. ಅದರ ನೆಗೆಟಿವ್ ಕೇಬಲ್ ಹಿಡಿದು ಬೆರಳಿನಲ್ಲೇ ಸವರುತ್ತ ಕೆಳಗೆ ಹೋದ. ಕೇಬಲ್ ಕಾರಿನ ಬಾಡಿಗೆ ಸೇರುವ ಕಡೆ ಒಂದು ಬೋಲ್ಟ್. ಬಿಚ್ಚಿದರೆ ರಿಂಗಿನ ಅಡಿಯಲ್ಲಿ ಕೆಂಪು ತುಕ್ಕು, ಅದರ ಮೇಲೆ ಹಸಿರು ಪುಡಿ. "ಅರ್ತ್ ಹಿಡೀತಾ ಇಲ್ಲ ಸಾರ್. ಬ್ಯಾಟರಿ ಯಾಕೆ ಹಾಕ್ಸಿದ್ರಿ?" ಅಂದ. ಸ್ಯಾಂಡ್‌ಪೇಪರ್‌ನಲ್ಲಿ ತಿಕ್ಕಿ, ಲೋಹ ಬೆಳ್ಳಗೆ ಹೊಳೆಯುವ ತನಕ ತಿಕ್ಕಿ, ಬೋಲ್ಟ್ ಬಿಗಿದು, ಗ್ರೀಸ್ ಬಳಿದ. ನೂರು ರೂಪಾಯಿ. ಹೊಸ ಬ್ಯಾಟರಿ ಹಾಕುವಾಗ ಕೇಬಲ್ ಅಲುಗಾಡಿ ಅಲ್ಲಿ ಒಂಚೂರು ಹಿಡಿತ ಸಿಕ್ಕಿತ್ತು, ಹದಿನೈದು ದಿನ ಅದೇ ನಡೆಸಿತು. ನಾನು ಎಕ್ಸ್‌ಚೇಂಜಿಗೆ ಕೊಟ್ಟಿದ್ದು ಎರಡೇ ವರ್ಷದ, ಬಹುಶಃ ಚೆನ್ನಾಗಿಯೇ ಇದ್ದ ಬ್ಯಾಟರಿ.

ಆ ನಾಲ್ಕೂವರೆ ಸಾವಿರ ಕೊಟ್ಟ ಮೇಲೆ ಈ ವಿಷಯ ಕೂತು ಕಲಿತೆ. ಬ್ಯಾಟರಿ ಆರಿಸುವುದು ಅಂಗಡಿಯಲ್ಲಿ ಶುರುವಾಗುವುದಲ್ಲ, ಮನೆಯಂಗಳದಲ್ಲಿ.

ಡಬ್ಬಿಯೊಳಗೆ ಏನಿದೆ

ಕಾರಿನ ಬ್ಯಾಟರಿಯಲ್ಲಿ ಆರು ಸೆಲ್. ಒಂದೊಂದರಲ್ಲೂ ಸೀಸದ ತಟ್ಟೆಗಳು, ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ಒಂದು ಸೆಲ್ಲಿಗೆ 2.1 ವೋಲ್ಟ್. ಆರು ಸೇರಿದರೆ 12.6. ಫ್ರಾನ್ಸಿನ ಗಾಸ್ತೋಂ ಪ್ಲಾಂತೆ ಇದನ್ನು ಕಂಡುಹಿಡಿದದ್ದು 1859ರಲ್ಲಿ. ಆಮೇಲೆ ಎಷ್ಟೋ ಸುಧಾರಣೆ ಆಗಿದೆ, ಮೂಲ ಸಂಗತಿ ಮಾತ್ರ ಅದೇ. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಸೆಲ್ಫ್ ಸ್ಟಾರ್ಟರ್ ಬಂದ ಮೇಲೆ ಮುಂದೆ ನಿಂತು ಹ್ಯಾಂಡಲ್ ತಿರುಗಿಸುವ ಕೆಲಸ ನಿಧಾನಕ್ಕೆ ತಪ್ಪಿತು. ನಮ್ಮ ಕಡೆ ಹಳೆಯ ಅಂಬಾಸಿಡರ್ ಮತ್ತು ಜೀಪುಗಳಲ್ಲಿ ಆ ಹ್ಯಾಂಡಲ್ ಬಹಳ ವರ್ಷ ಸೀಟಿನಡಿ ಬಿದ್ದಿರುತ್ತಿತ್ತು. ಬ್ಯಾಟರಿ ಕೈಕೊಟ್ಟರೆ ಇರಲಿ ಅಂತ.

ಜನ ತಪ್ಪು ತಿಳಿಯುವುದು ಇಲ್ಲಿ: ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಖಾಲಿಯಾಗುತ್ತದೆ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿ. ಸಣ್ಣ ಪೆಟ್ರೋಲ್ ಕಾರಿನ ಸ್ಟಾರ್ಟರ್ ಸುಮಾರು 150 ಆಂಪಿಯರ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ, ಎರಡು ಸೆಕೆಂಡ್. ಅದು ಒಂದು ಆಂಪಿಯರ್-ಗಂಟೆಯ (ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಆಗುವಷ್ಟು) ಹತ್ತನೇ ಒಂದು ಭಾಗವೂ ಅಲ್ಲ. ಎಂಜಿನ್ ಓಡತೊಡಗಿದರೆ ಅದರ ಬೆಲ್ಟಿನಿಂದ ತಿರುಗಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಅದನ್ನು ಕೆಲವೇ ನಿಮಿಷದಲ್ಲಿ ತುಂಬಿಕೊಡುತ್ತದೆ.

ಖಾಲಿಯಾಗುವುದು ನಿಂತಾಗ. ಕೀ ತೆಗೆದು ಬೀಗ ಹಾಕಿದ ಮೇಲೂ ಗಡಿಯಾರ, ಕಳ್ಳರ ಅಲಾರಂ, ರಿಮೋಟಿನ ಕರೆಗೆ ಕಾಯುವ ಲಾಕ್, ಎಂಜಿನ್ನಿನ ಕಂಪ್ಯೂಟರ್ ಎಲ್ಲ ಹನಿ ಹನಿ ಕುಡಿಯುತ್ತಲೇ ಇರುತ್ತವೆ. 30 ಮಿಲಿ ಆಂಪಿಯರ್ ಅಂದರೆ ಸಹಜ. ದಿನಕ್ಕೆ 0.72 ಆಂಪಿಯರ್-ಗಂಟೆ. 35 ಎ.ಎಚ್., ಅಂದರೆ 35 ಆಂಪಿಯರ್-ಗಂಟೆಯ ಬ್ಯಾಟರಿ ಹೊಸದಾಗಿದ್ದರೂ 24 ದಿನದಲ್ಲಿ ಅರ್ಧ ಖಾಲಿ. ಹಳೆಯದಾದರೆ ಇನ್ನೂ ಬೇಗ. ಕಾರವಾರದಿಂದ ಭಟ್ಕಳದವರೆಗೆ ಹೀಗೆ ನಿಂತ ಕಾರುಗಳಿಗೆ ಬರವಿಲ್ಲ. ಮಗ ಗಲ್ಫಿನಲ್ಲಿ, ಕಾರು ಊರಲ್ಲಿ, ಮೇಲೊಂದು ನೀಲಿ ತಾಡಪಾಲು. ಕಾರವಾರದ ನೌಕಾನೆಲೆಯಲ್ಲಿ ಕೆಲಸ ಮಾಡುವವರೂ ಹಡಗು ಹತ್ತಿದರೆ ವಾರಗಟ್ಟಲೆ ಕಾರು ಕಾಣುವುದಿಲ್ಲ.

ಖಾಲಿಯಾದದ್ದಷ್ಟೇ ಆದರೆ ಮತ್ತೆ ತುಂಬಬಹುದಿತ್ತು. ತೊಂದರೆ ಬೇರೆಯದು. ಬ್ಯಾಟರಿ ಖಾಲಿಯಾಗುವಾಗ ತಟ್ಟೆಗಳ ಮೇಲೆ ಲೆಡ್ ಸಲ್ಫೇಟ್ ಎಂಬ ವಸ್ತು ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಕರಗಿ ಹೋಗುತ್ತದೆ. ಹಾಗೇ ಬಿಟ್ಟರೆ ಗಟ್ಟಿ ಹರಳಾಗುತ್ತದೆ. ಡಬ್ಬಿಯಲ್ಲಿ ಬಹಳ ದಿನ ಮುಟ್ಟದೆ ಇಟ್ಟ ಜೋನಿಬೆಲ್ಲ ಅಡಿಯಲ್ಲಿ ಹರಳುಗಟ್ಟುತ್ತದಲ್ಲ, ಹಾಗೆ. ಬೆಲ್ಲವನ್ನು ಬಿಸಿ ಮಾಡಿ ಸರಿಮಾಡಬಹುದು. ಬ್ಯಾಟರಿಯ ಹರಳು ಪೂರ್ತಿ ಕರಗುವುದಿಲ್ಲ. ಹರಳು ಕೂತಷ್ಟು ಜಾಗ ನಷ್ಟ.

ಇನ್ನೊಂದು ಶತ್ರು ಸೆಕೆ. ಬಿಸಿ 10 ಡಿಗ್ರಿ ಏರಿದರೆ ಒಳಗಿನ ರಾಸಾಯನಿಕ ಕೆಲಸ ಹೆಚ್ಚುಕಮ್ಮಿ ಎರಡು ಪಟ್ಟು ಚುರುಕಾಗುತ್ತದೆ. ಒಳ್ಳೆಯದು ಅನ್ನಿಸಬಹುದು, ಆದರೆ ಸವಕಳಿಯೂ ಎರಡು ಪಟ್ಟು. ತಟ್ಟೆಯ ಜಾಲರಿ ತಿನ್ನಿಹೋಗುತ್ತದೆ, ನೀರು ಆರುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಅಂಕೋಲಾದ ಬಯಲಲ್ಲಿ ಬಿಸಿಲಿಗೆ ನಿಂತ ಕಾರಿನ ಬಾನೆಟ್ ಎತ್ತಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಮಾಷೆ ಏನೆಂದರೆ ಬ್ಯಾಟರಿ ಸವೆಯುವುದು ಬೇಸಿಗೆಯಲ್ಲಿ, ಸಿಕ್ಕಿಬೀಳುವುದು ಚಳಿಗಾಲದಲ್ಲಿ. ಚಳಿಯಲ್ಲಿ ಬ್ಯಾಟರಿಯ ಬಲ ಕುಗ್ಗುತ್ತದೆ, ಎಂಜಿನ್ ಆಯಿಲ್ ಮಂದವಾಗಿ ಸ್ಟಾರ್ಟರ್‌ಗೆ ಕೆಲಸ ಜಾಸ್ತಿ. ಹಾಗಾಗಿ ಕುಮಟಾದಲ್ಲಿ ಡಿಸೆಂಬರ್‌ನಲ್ಲೂ ಸುಮ್ನೆ ಚಾಲೂ ಆಗುವ ಕಾರು ಘಟ್ಟ ಹತ್ತಿ ಶಿರಸಿಯಲ್ಲಿ ಒಂದು ರಾತ್ರಿ ಹೊರಗೆ ನಿಂತರೆ ಬೆಳಿಗ್ಗೆ ಗುರ್... ಗುರ್... ಅನ್ನುತ್ತದೆ. ನಮ್ಮಲ್ಲಿ ಬ್ಯಾಟರಿ ಮೂರರಿಂದ ಐದು ವರ್ಷ ಬಂದರೆ ಅದು ತನ್ನ ಕೆಲಸ ಮಾಡಿದೆ ಅಂತಲೇ ಅರ್ಥ.

ಮೊದಲು ಅಳೆಯಿರಿ

ಹೆಡ್‌ಲೈಟ್ ಹಾಕಿ. ಗೋಡೆಯ ಮೇಲೆ ಬೆಳಕು ಬೀಳುವ ಹಾಗೆ ಕಾರು ನಿಂತಿದ್ದರೆ ಇನ್ನೂ ಒಳ್ಳೆಯದು. ಈಗ ಸೆಲ್ಫ್ ಹೊಡೆಯಿರಿ. ಬೆಳಕು ಪೂರಾ ಸತ್ತುಹೋದರೆ ಬ್ಯಾಟರಿ ಸೋತಿದೆ, ಇಲ್ಲವೇ ಕೇಬಲ್ಲಿನ ಹಿಡಿತ ತಪ್ಪಿದೆ. ಬೆಳಕು ಹಾಗೇ ಇದ್ದು, ಎಂಜಿನ್ ಮಾತ್ರ ತಿರುಗದಿದ್ದರೆ ಬ್ಯಾಟರಿಯನ್ನು ಬೈಯಬೇಡಿ. ಸ್ಟಾರ್ಟರ್, ಅದರ ಸ್ವಿಚ್, ರಿಲೇ ಕಡೆ ನೋಡಬೇಕು.

ಮುಂದಿನದಕ್ಕೆ ಒಂದು ಮಲ್ಟಿಮೀಟರ್ ಬೇಕು. ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವ ಸಾದಾ ಮೀಟರ್ ಸಾಕು, ಒಂದು ಸಲದ ಅನಗತ್ಯ ಬ್ಯಾಟರಿ ಖರ್ಚಿನಲ್ಲಿ ಇಂಥವು ಎಷ್ಟೋ ಬರುತ್ತವೆ. ಡಿಸಿ 20 ವೋಲ್ಟಿಗೆ ತಿರುಗಿಸಿ. ಅಳೆಯುವ ಸಮಯ ಬೆಳಿಗ್ಗೆ, ಕಾರು ರಾತ್ರಿಯಿಡೀ ನಿಂತ ಮೇಲೆ. ಈಗಷ್ಟೇ ಓಡಿಸಿ ಬಂದು ಅಳೆದರೆ ಮೇಲ್ಮೇಲಿನ ಚಾರ್ಜ್ ಸೇರಿ ಸುಳ್ಳು ಅಂಕಿ ಬರುತ್ತದೆ. 12.6 ಅಥವಾ ಮೇಲಿದ್ದರೆ ತುಂಬಿದೆ. 12.4 ಅಂದರೆ ಮುಕ್ಕಾಲು. 12.2 ಅಂದರೆ ಅರ್ಧ. 12ಕ್ಕೆ ಬಂದರೆ ಕಾಲು ಭಾಗ ಮಾತ್ರ ಉಳಿದಿದೆ. ನೋಡಿ, ತುಂಬಿದ್ದಕ್ಕೂ ಖಾಲಿಗೂ ನಡುವೆ ಇರುವುದು ಬರೀ ಅರ್ಧ ವೋಲ್ಟ್ ಚಿಲ್ಲರೆ. "ಹನ್ನೆರಡು ತೋರಿಸ್ತಾ ಇದೆ, ಸರಿಯಾಗೇ ಇದೆ" ಅನ್ನುವವರು ಇದನ್ನು ಮರೆತಿರುತ್ತಾರೆ.

12 ಬಂತು ಅಂತ ಹೊಸದು ಕೊಳ್ಳಲು ಓಡಬೇಡಿ. ಅದು ಹಸಿವು, ಸಾವಲ್ಲ. ಚಾರ್ಜರ್ ಹಾಕಿ ರಾತ್ರಿಯಿಡೀ ತುಂಬಿಸಿ, ಕೆಲವು ಗಂಟೆ ಬಿಟ್ಟು ಮತ್ತೆ ಅಳೆಯಿರಿ. 12.6 ಬಂದು ಮರುದಿನವೂ ಅಲ್ಲೇ ನಿಂತರೆ ಬ್ಯಾಟರಿ ಬದುಕಿದೆ. ತುಂಬಿಸಿದರೂ 10.5ರ ಹತ್ತಿರವೇ ಕೂತಿದ್ದರೆ ಲೆಕ್ಕ ಸುಲಭ: 12.6ರಲ್ಲಿ 2.1 ಕಳೆಯಿರಿ. ಆರರಲ್ಲಿ ಒಂದು ಸೆಲ್ ಸತ್ತಿದೆ. ಅದಕ್ಕೆ ಮದ್ದಿಲ್ಲ.

ಇನ್ನು ಬಲ ಪರೀಕ್ಷೆ. ಮೀಟರಿನ ಕಡ್ಡಿ ಹಿಡಿದು ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಆ ಕ್ಷಣಕ್ಕೆ ವೋಲ್ಟೇಜ್ ಕುಸಿಯುವುದು ಸಹಜ. ತುಂಬಿದ ಬ್ಯಾಟರಿ 9.6ಕ್ಕಿಂತ ಕೆಳಗೆ ಇಳಿದರೆ ಅದರ ಕಾಲ ಮುಗಿಯುತ್ತ ಬಂದಿದೆ. ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ತೋರಿಸಬೇಕು. ಅಷ್ಟು ಬರದಿದ್ದರೆ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ನೋಡಬೇಕು. ಕೆಲವು ಹೊಸ ಕಾರುಗಳಲ್ಲಿ ಕಂಪ್ಯೂಟರೇ ಚಾರ್ಜ್ ಹೆಚ್ಚುಕಮ್ಮಿ ಮಾಡುವುದರಿಂದ ಅಂಕಿ ಆಗಾಗ ಇಳಿಯಬಹುದು, ಅದಕ್ಕೆ ಗಾಬರಿ ಬೇಡ. ಒಂದು ಹಳೆಯ ಚಾಳಿ ಇದೆ, ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಕೇಬಲ್ ಕಿತ್ತು ಆಲ್ಟರ್ನೇಟರ್ ಪರೀಕ್ಷಿಸುವುದು. ಈಗಿನ ಕಾರಿನಲ್ಲಿ ಅದನ್ನು ಮಾಡಿದರೆ ವೋಲ್ಟೇಜ್ ಒಮ್ಮೆಲೇ ಚಿಮ್ಮಿ ಕಂಪ್ಯೂಟರ್ ಸುಟ್ಟೀತು. ಯಾರಾದರೂ ಕೈ ಹಾಕಿದರೆ ತಡೆಯಿರಿ.

ನನಗೆ ಆ ದಿನ ಗೊತ್ತಿರಬೇಕಾಗಿದ್ದ ಪರೀಕ್ಷೆ ಇದು: ಮೀಟರಿನ ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೆ, ಕೇಬಲ್ ತುದಿಯ ಕ್ಲಾಂಪಿಗಲ್ಲ, ಸೀಸದ ಗೂಟಕ್ಕೇ. ಕೆಂಪು ಕಡ್ಡಿ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಈಗ ಸೆಲ್ಫ್. ಎರಡೂ ಒಂದೇ ಅರ್ತ್ ಆದ್ದರಿಂದ ಅಂಕಿ ಸೊನ್ನೆಯ ಹತ್ತಿರ ಇರಬೇಕು. 0.3 ದಾಟಿದರೆ ನಡುವೆ ಎಲ್ಲೋ ತುಕ್ಕು ಕೂತಿದೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ, ಉಪ್ಪಿನ ಗಾಳಿ ಬೀಸುವ ಊರಿನಲ್ಲಿ ಇದು ಅಪರೂಪವೇನಲ್ಲ. ಕಾರವಾರದ ಬೈತಖೋಲ ಬಂದರಿನಲ್ಲಿ ಮೀನು ಸಾಗಿಸುವ ಗಾಡಿಗಳ ಬ್ಯಾಟರಿ ಒಮ್ಮೆ ಇಣುಕಿ ನೋಡಿ. ಉಪ್ಪುನೀರು ಸೋರಿ ಸೋರಿ, ಕ್ಲಾಂಪ್ ಯಾವುದು ಪುಡಿ ಯಾವುದು ಅಂತಲೇ ಗೊತ್ತಾಗುವುದಿಲ್ಲ.

ಮೇಲಿನ ಕಿಟಕಿಯಲ್ಲಿ ಹಸಿರು ಚುಕ್ಕೆ ಕಾಣುವ ಬ್ಯಾಟರಿಗಳಿವೆಯಲ್ಲ, ಆ ಚುಕ್ಕೆಯನ್ನು ಪೂರ್ತಿ ನಂಬಬೇಡಿ. ಅದು ಆರು ಸೆಲ್‌ಗಳಲ್ಲಿ ಒಂದರ ಸುದ್ದಿ ಮಾತ್ರ ಹೇಳುತ್ತದೆ. ಉಳಿದ ಐದರ ಗತಿ ಅದಕ್ಕೆ ಗೊತ್ತಿಲ್ಲ.

ಅಂಗಡಿಯಲ್ಲಿ

ಅಳೆದದ್ದಾಯ್ತು, ಬ್ಯಾಟರಿ ನಿಜಕ್ಕೂ ಹೋಗಿದೆ ಅನ್ನೋಣ. ಅಂಗಡಿಗೆ ಹೋಗುವ ಮುಂಚೆ ಬಾನೆಟ್ ಎತ್ತಿ ಮೊಬೈಲಿನಲ್ಲಿ ಎರಡು ಫೋಟೊ ತೆಗೆಯಿರಿ. ಒಂದು, ಕಾರಿನ ಮುಂದೆ ನಿಂತು, ಪ್ಲಸ್ ಯಾವ ಕಡೆಗಿದೆ ಅಂತ ಕಾಣುವ ಹಾಗೆ. ಇನ್ನೊಂದು, ಲೇಬಲ್ಲಿನದು.

ಲೇಬಲ್ಲಿನಲ್ಲಿ 38ಬಿ20ಎಲ್ ಅಂತ ಏನೋ ಇರುತ್ತದೆ. ಇದು ಜಪಾನಿನ ಪದ್ಧತಿ. 38 ಎಂದರೆ 38 ಎ.ಎಚ್. ಅಂತ ಬಹಳ ಜನ ಓದುತ್ತಾರೆ. ಅಲ್ಲ. ಅದು ಒಟ್ಟು ಸಾಮರ್ಥ್ಯದ ದರ್ಜೆ, ಈ ಬ್ಯಾಟರಿ ನಿಜವಾಗಿ 35 ಎ.ಎಚ್. ಬಿ ಅಂದರೆ ಅಗಲ-ಎತ್ತರದ ಗುಂಪು, 20 ಅಂದರೆ ಉದ್ದ ಸುಮಾರು 20 ಸೆಂಟಿಮೀಟರ್. ಕೊನೆಯ ಎಲ್ ಅಥವಾ ಆರ್ ಎಂಬುದು ಟರ್ಮಿನಲ್ ಯಾವ ಬದಿಗೆ ಅನ್ನುವ ಗುರುತು. ಇದೊಂದು ಅಕ್ಷರ ತಪ್ಪಿದರೆ ಮನೆಗೆ ತಂದ ಬ್ಯಾಟರಿಗೆ ಕೇಬಲ್ ಎಟುಕುವುದಿಲ್ಲ. ಎಳೆದು ಎಟುಕಿಸಲು ಹೋದವರು ಕೇಬಲ್ ಹರಿದುಕೊಂಡಿದ್ದಾರೆ, ಪ್ಲಸ್-ಮೈನಸ್ ಅದಲುಬದಲು ಮಾಡಿ ಫ್ಯೂಸ್ ಸುಟ್ಟುಕೊಂಡಿದ್ದಾರೆ. ಟರ್ಮಿನಲ್ಲಿನಲ್ಲೂ ಸಪೂರ, ದಪ್ಪ ಅಂತ ಎರಡು ಜಾತಿ. ಯುರೋಪಿನ ಪದ್ಧತಿಯ ಡಿನ್ ಬ್ಯಾಟರಿ ಬೇರೆಯೇ ಆಕಾರ. ಟರ್ಮಿನಲ್ ಮೇಲೆದ್ದು ನಿಲ್ಲದೆ ಮೂಲೆಯ ತಗ್ಗಿನಲ್ಲಿ ಕೂತಿರುತ್ತದೆ, ಹಿಡಿದಿಡುವ ಪಟ್ಟಿಯೂ ತಲೆಯ ಮೇಲಲ್ಲ, ಬುಡದಲ್ಲಿ. ಒಂದರ ಜಾಗದಲ್ಲಿ ಇನ್ನೊಂದು ಕೂರಿಸುವ ಸಾಹಸ ಬೇಡ.

ಎ.ಎಚ್. ಅಂದರೆ ಎಷ್ಟು ಹೊತ್ತು ಕೊಟ್ಟೀತು ಅನ್ನುವ ಲೆಕ್ಕ. 35 ಎ.ಎಚ್. ಬ್ಯಾಟರಿ 1.75 ಆಂಪಿಯರನ್ನು 20 ಗಂಟೆ ಕೊಡುತ್ತದೆ. ಸಿಸಿಎ ಅಂದರೆ ಒಮ್ಮೆಗೆ ಎಷ್ಟು ಜೋರಾಗಿ ಕೊಟ್ಟೀತು ಅನ್ನುವುದು. ಮೈನಸ್ 18 ಡಿಗ್ರಿ ಚಳಿಯಲ್ಲಿ 30 ಸೆಕೆಂಡ್ ಎಷ್ಟು ಆಂಪಿಯರ್ ಕೊಡುತ್ತದೆ ಎಂಬ ಅಳತೆ ಅದು. ನಮ್ಮಲ್ಲಿ ಆ ಚಳಿ ಎಲ್ಲಿಂದ ಬರಬೇಕು ಅಂತ ನಗಬೇಡಿ, ಬ್ಯಾಟರಿಯಿಂದ ಬ್ಯಾಟರಿಗೆ ಹೋಲಿಸಲು ಅದು ಒಳ್ಳೆಯ ಅಂಕಿ. ಡೀಸೆಲ್ ಎಂಜಿನ್ ತಿರುಗಿಸಲು ಜೋರು ಜಾಸ್ತಿ ಬೇಕು, ಅದಕ್ಕೇ ಅವಕ್ಕೆ ದೊಡ್ಡ ಬ್ಯಾಟರಿ. ಕಂಪನಿ ಹೇಳಿದ್ದಕ್ಕಿಂತ ಕಡಿಮೆಯದನ್ನು ಯಾವತ್ತೂ ಹಾಕಬೇಡಿ. ತುಸು ಹೆಚ್ಚಿನದು ಹಾಕಿದರೆ ಆಲ್ಟರ್ನೇಟರ್ ಸುಡುತ್ತದೆ ಅನ್ನುವುದು ಸುಮ್ನೆ ಮಾತು. ಆದರೆ ಅದು ಟ್ರೇಯಲ್ಲಿ ಗಟ್ಟಿಯಾಗಿ ಕೂರಬೇಕು, ಬಾನೆಟ್ ಮುಚ್ಚಿದಾಗ ಪ್ಲಸ್ ಟರ್ಮಿನಲ್ ಬಾನೆಟ್ಟಿಗೆ ತಾಗಬಾರದು. ತಾಗಿದರೆ ಬೆಂಕಿ. ನನ್ನನ್ನು ಕೇಳಿದರೆ, ಮೊದಲಿದ್ದ ಅಳತೆಯದ್ದೇ ಹಾಕಿ, ಉಳಿದ ದುಡ್ಡಿಗೆ ಒಂದು ಚಾರ್ಜರ್ ತನ್ನಿ.

ಸಿಗ್ನಲ್ಲಿನಲ್ಲಿ ನಿಂತರೆ ತಾನೇ ಆಫ್ ಆಗಿ, ಕ್ಲಚ್ ಒತ್ತಿದರೆ ತಾನೇ ಆನ್ ಆಗುವ ಕಾರುಗಳಿಗೆ ಬೇರೆ ಬಗೆಯ ಬ್ಯಾಟರಿ ಬೇಕು. ಇಎಫ್‌ಬಿ ಅಥವಾ ಎಜಿಎಂ ಅನ್ನುತ್ತಾರೆ. ಬೆಲೆ ಹೆಚ್ಚು. "ಸಾದಾ ಹಾಕಿದ್ರೂ ನಡೀತದೆ" ಅಂತ ಯಾರಾದರೂ ಹೇಳಿದರೆ ಕೆಲವು ತಿಂಗಳು ನಡೆದೀತು, ಅಷ್ಟೇ. ದಿನಕ್ಕೆ ಹತ್ತಾರು ಸಲ ಸೆಲ್ಫ್ ಹೊಡೆಯುವುದನ್ನು ಸಾದಾ ಬ್ಯಾಟರಿ ತಾಳುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಇನ್ವರ್ಟರಿಗೆ ಕಾರಿನ ಬ್ಯಾಟರಿ ಸಿಕ್ಕಿಸುವ ಉಪಾಯವೂ ಹಾಗೆಯೇ. ಕಾರಿನದ್ದರಲ್ಲಿ ತೆಳು ತಟ್ಟೆಗಳು, ಒಂದು ಕ್ಷಣದ ಜೋರಿಗೆ ಮಾಡಿದ್ದು. ಇನ್ವರ್ಟರಿನದ್ದರಲ್ಲಿ ದಪ್ಪ ತಟ್ಟೆ, ರಾತ್ರಿಯಿಡೀ ಫ್ಯಾನ್ ಓಡಿಸಲು ಮಾಡಿದ್ದು. ಓಟಗಾರನಿಗೆ ಹೊರೆ ಹೊರಿಸಿದ ಹಾಗಾಗುತ್ತದೆ.

ಬ್ರ್ಯಾಂಡ್ ಯಾವುದು? ಎಕ್ಸೈಡ್, ಅಮರಾನ್, ಎಸ್‌ಎಫ್ ಸೋನಿಕ್, ಟಾಟಾ ಗ್ರೀನ್ ಎಲ್ಲ ನಮ್ಮ ಊರುಗಳಲ್ಲಿ ಸಿಗುತ್ತವೆ. ಹೆಸರಿಗಿಂತ ನಾನು ನೋಡುವುದು ತಯಾರಾದ ತಿಂಗಳು. ಬ್ಯಾಟರಿ ಕಪಾಟಿನಲ್ಲಿ ಕೂತರೂ ತಾನೇ ಇಳಿಯುತ್ತ ಹೋಗುತ್ತದೆ, ಜೋನಿಬೆಲ್ಲದ ಕತೆ ಅಲ್ಲೂ ಶುರು. ಸಣ್ಣ ಊರಿನ ಅಂಗಡಿಯಲ್ಲಿ ಕಡಿಮೆ ಹೋಗುವ ಮಾಡೆಲ್ ಒಂದು ವರ್ಷದಿಂದ ಅಲ್ಲೇ ಇದ್ದರೂ ಇರಬಹುದು. ತಾರೀಕಿನ ಸಂಕೇತ ಒಂದೊಂದು ಕಂಪನಿಯದ್ದು ಒಂದೊಂದು ಥರ. "ಯಾವ ತಿಂಗಳಿದ್ದು, ಎಲ್ಲಿದೆ ತೋರ್ಸಿ" ಅಂತ ಕೇಳಿ. ಮೂರು ತಿಂಗಳೊಳಗಿನದು ಸಿಕ್ಕರೆ ಬಹಳ ಒಳ್ಳೆಯದು. ಆರು ದಾಟಿದ್ದರೆ ಬೇರೆ ತರಿಸಿಕೊಡಿ ಅನ್ನಿ, ಎರಡು ದಿನ ತಡವಾದರೆ ಆಗಲಿ. ಅಲ್ಲೇ ಮೀಟರ್ ಹಿಡಿಸಿ, 12.5ಕ್ಕಿಂತ ಕಡಿಮೆ ಇದ್ದರೆ ಚಾರ್ಜ್ ಮಾಡಿಕೊಡಲು ಹೇಳಿ. ಹೊಸ ಬ್ಯಾಟರಿಯಲ್ಲಿ ಇದನ್ನೆಲ್ಲ ಕೇಳಲು ಸಂಕೋಚ ಯಾಕೆ?

ವಾರಂಟಿ 24+24, 30+30 ಅಂತ ಎರಡು ಭಾಗದಲ್ಲಿ ಬರೆದಿರುತ್ತಾರೆ. ಮೊದಲ ಭಾಗದಲ್ಲಿ ಕೆಟ್ಟರೆ ಬದಲಿಗೆ ಬ್ಯಾಟರಿ. ಎರಡನೆಯದರಲ್ಲಿ ಕೆಟ್ಟರೆ ಹೊಸದರ ಬೆಲೆಯಲ್ಲಿ ಒಂದಿಷ್ಟು ರಿಯಾಯಿತಿ ಮಾತ್ರ, ತಿಂಗಳು ಕಳೆದ ಹಾಗೆ ಅದೂ ಕರಗುತ್ತದೆ. ಹೋಲಿಸುವಾಗ ಮೊದಲ ಅಂಕಿಯನ್ನೇ ಹೋಲಿಸಿ. ಟ್ಯಾಕ್ಸಿಗೆ ಓಡುವ ಕಾರಾದರೆ ವಾರಂಟಿ ಕಡಿಮೆ ಇರುವುದುಂಟು, ಮೊದಲೇ ಕೇಳಿ. ಬಿಲ್ಲಿನಲ್ಲಿ ಬ್ಯಾಟರಿಯ ಸೀರಿಯಲ್ ನಂಬರ್ ಬರೆಸಿ. ಅಂದ ಹಾಗೆ 2025ರ ಸೆಪ್ಟೆಂಬರ್ 22ರಿಂದ ಈ ಬ್ಯಾಟರಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹಳೆಯ ದರಪಟ್ಟಿ ತೋರಿಸಿದರೆ ನೆನಪಿರಲಿ.

ಕೂರಿಸುವುದು

ಅಂಗಡಿಯವರೇ ಬಂದು ಹಾಕಿಕೊಡುತ್ತಾರೆ. ಆದರೂ ಒಮ್ಮೆ ನೀವೇ ಮಾಡಿ ನೋಡಿ. ಹೆಚ್ಚಿನ ಸಣ್ಣ ಕಾರುಗಳಿಗೆ 10 ನಂಬರ್ ಸ್ಪ್ಯಾನರ್, ನಮ್ಮ ಗ್ಯಾರೇಜಿನವರ ಬಾಯಲ್ಲಿ ಹತ್ತರ ಪಾನಾ, ಅದೊಂದೇ ಸಾಕು. ಜೊತೆಗೆ ಅಡುಗೆ ಸೋಡಾ, ಬಿಸಿನೀರು, ಹಳೆಯ ಹಲ್ಲುಜ್ಜುವ ಬ್ರಶ್, ಸ್ವಲ್ಪ ವ್ಯಾಸಲೀನ್. ಉಂಗುರ, ಬಳೆ, ಕೈಗಡಿಯಾರ ತೆಗೆದಿಡಿ. ಬೀಡಿ ಸಿಗರೇಟು ದೂರ, ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್ ಕಿಡಿ ತಾಗಿದರೆ ಸಿಡಿಯುತ್ತದೆ.

ಕೀ ತೆಗೆದು ಜೇಬಿಗೆ ಹಾಕಿ. ಮೊದಲು ಬಿಚ್ಚುವುದು ಮೈನಸ್, ಕಪ್ಪು ಕೇಬಲ್. ಯಾಕೆ ಅಂತ ಗೊತ್ತಿದ್ದರೆ ಎಂದೂ ಮರೆಯುವುದಿಲ್ಲ. ಕಾರಿನ ಇಡೀ ಬಾಡಿ ಮೈನಸ್ಸಿಗೆ ಸೇರಿದೆ. ನೀವು ಪ್ಲಸ್ ಬಿಚ್ಚುವಾಗ ಸ್ಪ್ಯಾನರಿನ ಇನ್ನೊಂದು ತುದಿ ಬಾಡಿಗೆ ತಗುಲಿದರೆ ನೂರಾರು ಆಂಪಿಯರ್ ಆ ಸ್ಪ್ಯಾನರಿನಲ್ಲೇ ಹರಿಯುತ್ತದೆ. ಕಬ್ಬಿಣ ಕೆಂಪಾಗಲು ಕ್ಷಣ ಸಾಕು. ಮೈನಸ್ ಮೊದಲೇ ಕಳಚಿದ್ದರೆ ದಾರಿಯೇ ಇಲ್ಲ, ತಾಗಿದರೂ ಏನೂ ಆಗದು. ಹಾಕುವಾಗ ಇದರ ಉಲ್ಟಾ. ಪ್ಲಸ್ ಮೊದಲು, ಮೈನಸ್ ಕೊನೆಗೆ. ಕಳಚಿದ ಕಪ್ಪು ಕೇಬಲನ್ನು ಬಟ್ಟೆ ಸುತ್ತಿ ಬದಿಗೆ ಬಾಗಿಸಿ, ತಾನಾಗಿ ವಾಪಸ್ ಬಂದು ಟರ್ಮಿನಲ್ಲಿಗೆ ತಾಗದ ಹಾಗೆ. ಕೆಲವು ಕಾರುಗಳಲ್ಲಿ ಮೈನಸ್ ಕ್ಲಾಂಪಿಗೇ ಅಂಟಿದ ಒಂದು ಸಣ್ಣ ಪೆಟ್ಟಿಗೆ ಇರುತ್ತದೆ. ಅದು ಸೆನ್ಸರ್, ಮೀಟಿ ಎಬ್ಬಿಸಬೇಡಿ, ಮುರಿದರೆ ದುಬಾರಿ.

ಕ್ಲಾಂಪ್ ಬರದಿದ್ದರೆ ಸುತ್ತಿಗೆ ಹಿಡಿಯಬೇಡಿ. ಬಿಸಿನೀರಿಗೆ ಒಂದು ಚಮಚ ಸೋಡಾ ಹಾಕಿ ನಿಧಾನಕ್ಕೆ ಸುರಿಯಿರಿ. ಹಸಿರು-ಬಿಳಿ ಪುಡಿಯೆಲ್ಲ ಬುಸ್ ಎಂದು ನೊರೆಯೆದ್ದು ಇಳಿದುಹೋಗುತ್ತದೆ, ನೋಡಲು ಚೆಂದ. ಆ ನೀರು ಬ್ಯಾಟರಿಯ ಮುಚ್ಚಳದೊಳಗೆ ಮಾತ್ರ ಹೋಗಬಾರದು. ಆಮೇಲೆ ಹಿಡಿದಿಡುವ ಪಟ್ಟಿ ಬಿಚ್ಚಿ ಬ್ಯಾಟರಿ ಎತ್ತಿ. ಸಣ್ಣದೇ ಹತ್ತು ಕೆ.ಜಿ. ಹತ್ತಿರ ತೂಗುತ್ತದೆ, ಬೆನ್ನು ಬಗ್ಗಿಸಿ ಒಮ್ಮೆಲೇ ಎತ್ತಬೇಡಿ, ಓರೆ ಮಾಡಲೂ ಬೇಡಿ. ಖಾಲಿ ಟ್ರೇಯನ್ನು ಅದೇ ಸೋಡಾ ನೀರಿನಲ್ಲಿ ತೊಳೆದು ಒರೆಸಿ. ನಮ್ಮ ಕಡೆ ಆ ಟ್ರೇಯ ಅಡಿಯಲ್ಲಿ ತುಕ್ಕು ಸಿಗುವುದೇ ಹೆಚ್ಚು. ಸಿಕ್ಕಿದರೆ ಕೆರೆದು ಬಣ್ಣ ಬಳಿಯಲು ಇದಕ್ಕಿಂತ ಒಳ್ಳೆಯ ದಿನ ಬರುವುದಿಲ್ಲ.

ಹೊಸದನ್ನು ಕೂರಿಸಿ ಮೊದಲು ಪಟ್ಟಿ ಬಿಗಿಯಿರಿ. ಜನ ಉದಾಸೀನ ಮಾಡುವ ಜಾಗ ಇದು. ದೇವಿಮನೆ ಘಟ್ಟದ ತಿರುವುಗಳಲ್ಲಿ ಸಡಿಲ ಬ್ಯಾಟರಿ ಕುಲುಕಿ ಕುಲುಕಿ ತಟ್ಟೆಯ ಮೇಲಿನ ಲೇಪ ಉದುರುತ್ತದೆ, ತಳದಲ್ಲಿ ಕೂತು ಒಂದು ದಿನ ಒಳಗೇ ಶಾರ್ಟ್ ಆಗುತ್ತದೆ. ಕೈಯಲ್ಲಿ ಅಲ್ಲಾಡಿಸಿದರೆ ಬ್ಯಾಟರಿ ಅಲ್ಲಾಡಬಾರದು, ಕಾರೇ ಅಲ್ಲಾಡಬೇಕು. ಆಮೇಲೆ ಪ್ಲಸ್, ಆಮೇಲೆ ಮೈನಸ್. ಪ್ಲಸ್ ಗೂಟ ಮೈನಸ್ಸಿಗಿಂತ ತುಸು ದಪ್ಪ, ಹಾಗಾಗಿ ಕ್ಲಾಂಪ್ ಸರಾಗ ಇಳಿಯದಿದ್ದರೆ ಅದಲುಬದಲಾಗಿದೆಯೇನೋ ಅಂತ ಒಮ್ಮೆ ನೋಡಿ. ಕೈಯಿಂದ ತಿರುಗಿಸಿದರೆ ತಿರುಗದಷ್ಟು ಬಿಗಿ ಸಾಕು. ಸೀಸ ಮೆತ್ತಗಿನ ಲೋಹ, ಜೋರು ಮಾಡಿದರೆ ಕಿತ್ತು ಬರುತ್ತದೆ. ಬಿಗಿದ ಮೇಲೆ ವ್ಯಾಸಲೀನ್ ತೆಳ್ಳಗೆ ಬಳಿಯಿರಿ. ಬಿಗಿಯುವ ಮುಂಚೆ ಅಲ್ಲ, ಲೋಹಕ್ಕೆ ಲೋಹ ತಾಗಬೇಕು. ನಮ್ಮಲ್ಲಿ ಕೆಲವರು ತೆಂಗಿನೆಣ್ಣೆ ಹಚ್ಚುತ್ತಾರೆ. ಎಂಜಿನ್ನಿನ ಬಿಸಿಗೆ ಅದು ನೀರಾಗಿ ಇಳಿದುಹೋಗುತ್ತದೆ, ಸುಮ್ನೆ ತಲೆಗೆ ಹಚ್ಚಿಕೊಳ್ಳಿ.

ಚಾಲೂ ಮಾಡಿದಾಗ ಗಡಿಯಾರ ಸೊನ್ನೆಗೆ ಹೋಗಿರುತ್ತದೆ. ಕಿಟಕಿಯ ಒಂದೇ ಒತ್ತಿನ ಆಟೊ ಕೆಲಸ ಮಾಡದಿರಬಹುದು, ಕಿಟಕಿ ಪೂರ್ತಿ ಏರಿಸಿ ಬಟನ್ ಕೆಲ ಸೆಕೆಂಡ್ ಒತ್ತಿ ಹಿಡಿದರೆ ಹೆಚ್ಚಿನ ಕಾರುಗಳಲ್ಲಿ ಸರಿಹೋಗುತ್ತದೆ. ಸ್ಟೇರಿಂಗ್ ದೀಪ ಹತ್ತಿದ್ದರೆ ಸ್ವಲ್ಪ ದೂರ ಓಡಿಸಿದ ಮೇಲೆ ಆರುವುದುಂಟು. ಕೆಲವು ಯುರೋಪಿನ ಕಾರುಗಳಿಗೆ ಮಾತ್ರ ಹೊಸ ಬ್ಯಾಟರಿ ಹಾಕಿದ್ದನ್ನು ಕಂಪ್ಯೂಟರಿಗೆ ತಿಳಿಸಬೇಕು, ಅದಕ್ಕೆ ಸರ್ವಿಸ್ ಸೆಂಟರೇ ದಾರಿ. ಎಲ್ಲ ಮುಗಿದ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬ್ಯಾಟರಿಯ ತಲೆಯ ಮೇಲೇ ಹಾಕಿದ ತಾರೀಕು ಬರೆದುಬಿಡಿ. ವಾರಂಟಿ ಕಾರ್ಡ್ ಎಲ್ಲಿಟ್ಟಿರಿ ಅಂತ ಮೂರು ವರ್ಷ ಬಿಟ್ಟು ನಿಮಗೂ ಗೊತ್ತಿರುವುದಿಲ್ಲ.

ಹಳೆಯದು ಗುಜರಿಗೆ ಹೋಗುವ ಸರಕಲ್ಲ. ತೂಕದಲ್ಲಿ ಬಹುಪಾಲು ಸೀಸ, ಅದಕ್ಕೆ ಬೆಲೆ ಇದೆ, ಆ ಬೆಲೆ ಬಿಲ್ಲಿನಲ್ಲಿ ಕಳೆಯಿತೇ ನೋಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ತೋಟದ ಮೂಲೆಯಲ್ಲಿ ಎಸೆದರೆ ಆಮ್ಲ, ಸೀಸ ಎರಡೂ ಬಾವಿಯ ಕಡೆಗೇ ಇಳಿಯುತ್ತವೆ.

ನೀರು ಹಾಕುವ ಮುಚ್ಚಳವಿರುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಕರಾವಳಿಯ ಬಾವಿನೀರಿನ ಉಪ್ಪಿನಂಶ ತಟ್ಟೆಗೆ ವಿಷ. ಆಸಿಡ್ ಹಾಕುವುದಂತೂ ಬೇಡವೇ ಬೇಡ, ಆರಿಹೋಗಿದ್ದು ನೀರು, ಆಸಿಡ್ ಅಲ್ಲ. ವಾರಕ್ಕೊಮ್ಮೆ ಅಂಗಳದಲ್ಲೇ ಹತ್ತು ನಿಮಿಷ ಎಂಜಿನ್ ಓಡಿಸಿಟ್ಟರೆ ಚಾರ್ಜ್ ಆಗುತ್ತದೆ ಅನ್ನುವುದೂ ಅರ್ಧ ಸತ್ಯ. ಖಾಲಿಯಾದ ಬ್ಯಾಟರಿ ತುಂಬಲು ಗಂಟೆಗಟ್ಟಲೆ ಬೇಕು. ಕುಮಟಾದಿಂದ ಕಾರವಾರಕ್ಕೆ ಹೋಗಿ ಬಂದರೂ ಪೂರ್ತಿ ತುಂಬದು.

ಶಿರಸಿಯ ಮಾವನ ಕಾರು ಮಳೆಗಾಲದಲ್ಲಿ ಹೊರಗೆ ಬರುವುದೇ ಕಡಿಮೆ. ಈಗ ಅವರು ಮಳೆ ಹಿಡಿದ ಕೂಡಲೇ ಮೈನಸ್ ಕೇಬಲ್ ಕಳಚಿಡುತ್ತಾರೆ. ರಿಮೋಟ್ ಕೆಲಸ ಮಾಡುವುದಿಲ್ಲ, ಕೀಲಿ ಹಾಕಿಯೇ ಬಾಗಿಲು ತೆಗೆಯಬೇಕು, ಅಷ್ಟೇ ತೊಂದರೆ. ಹತ್ತರ ಪಾನಾ ಜಗಲಿಯಲ್ಲಿ ಕೊಡೆಯ ಮೊಳೆಗೇ ತೂಗುಹಾಕಿದ್ದಾರೆ. ಹೋದ ಸಲ ಚವತಿಯ ಹಿಂದಿನ ದಿನ ಫೋನ್ ಬಂತು. "ಮೀಟರ್ 12.4 ತೋರಿಸ್ತು. ಸಾಕಾ?"

"ಸಾಕು ಮಾವ. ಆದ್ರೂ ರಾತ್ರಿ ಚಾರ್ಜರ್ ಹಾಕಿಡಿ."